ಸಿಗ್ನಲ್ ಸಾಯುವವರೆಗೆ

ಇಪ್ಪತ್ತೇಳು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳು ನಿವೃತ್ತಿಯಾದ ಮೇಲೆ ಏನು ಮಾಡುತ್ತಾಳೆ? ಮನೆಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾಳೆ ಎಂದುಕೊಂಡಿದ್ದರು ನೆಂಟರು. ಕಂಡಕ್ಟರಮ್ಮ ಗುಜರಿಗೆ ಹೊರಟಿದ್ದ ತನ್ನ ಬಸ್ಸನ್ನೇ ಕೊಂಡುಕೊಂಡಳು. ಅದನ್ನು ತಮ್ಮನ ಟ್ರಾಕ್ಟರಿಗೆ ಕಟ್ಟಿ, ಊರಾಚೆಯ ಬೋಳುಗುಡ್ಡಕ್ಕೆ ಎಳೆಸಿ, ಸೀಟು ಕೀಳಿಸಿ, ಆರು ಮಂಚ ಹಾಕಿಸಿ ಪ್ರವಾಸಿಗರಿಗೆ ತಂಗಲು ಕೊಟ್ಟಳು. ಗಂಡ ತೀರಿಕೊಂಡಿದ್ದ, ಮಗಳು ಮದುವೆಯಾಗಿ ಪೇಟೆ ಸೇರಿದ್ದಳು. ಬೇಡ ಎನ್ನುವವರು ಯಾರೂ ಇರಲಿಲ್ಲ. ಇದ್ದಿದ್ದರೂ ಅವಳೇನು ಕೇಳುವವಳಲ್ಲ ಬಿಡಿ.

ಆ ಗುಡ್ಡದಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಆದರೂ ಬಂದವರು ಗಳಿಗೆಗೊಮ್ಮೆ ಫೋನೆತ್ತಿ ಆಕಾಶಕ್ಕೆ ತೋರಿಸುವುದನ್ನು ನೋಡಿ ಅವಳಿಗೆ ರೇಗಿಹೋಯಿತು. ಬಾಗಿಲಲ್ಲೇ ಅಡ್ಡ ನಿಂತು ಫೋನು ಇಸಿದುಕೊಂಡು, ತನ್ನ ಹಳೆಯ ಚರ್ಮದ ಚೀಲಕ್ಕೆ ಹಾಕಿ, ಮಂಚದ ನಂಬರು ಬರೆದ ಟಿಕೆಟ್ಟೊಂದನ್ನು ಹರಿದು ಕೈಗಿಡತೊಡಗಿದಳು. ಹೊರಡುವಾಗ ಟಿಕೆಟ್ ತೋರಿಸಿದರೆ ಫೋನು ವಾಪಸ್ಸು. ಒಬ್ಬ ವಕೀಲರು ಇದು ಕಾನೂನಿಗೆ ವಿರುದ್ಧ ಎಂದು ಕೂಗಾಡಿದರು.

"ಹಾಗಾದ್ರೆ ಇಳೀರಿ ಸಾರ್, ಗಾಡಿ ನಿಂತೇ ಇದೆ" ಎಂದಳು.

ಪುಣ್ಯಾತ್ಮ ಇಳಿಯಲಿಲ್ಲ. ಮೊದಲ ದಿನ ಬಾಲ ಸುಟ್ಟ ಬೆಕ್ಕಿನಂತೆ ಬಸ್ಸಿನ ಸುತ್ತ ತಿರುಗಿದರು. ಎರಡನೆಯ ದಿನ ಡ್ರೈವರ್ ಸೀಟಿನಲ್ಲಿ ಕೂತು ಬಟಾಣಿ ಸುಲಿದುಕೊಟ್ಟರು. ಮೂರನೆಯ ದಿನ ಹೆಂಡತಿಗೆ ನಾಲ್ಕು ಪುಟದ ಕಾಗದ ಬರೆದರು.

ಫೋನು ಸಿಗದ ಕಾರಣ ಮಗಳು ತಿಂಗಳಿಗೊಮ್ಮೆ ತಾನೇ ಬರುತ್ತಿದ್ದಳು. ಗೊಣಗಿಕೊಂಡೇ ಬರುತ್ತಿದ್ದಳು, ಆ ಮಾತು ಬೇರೆ. ಬಂದರೆ ತಾಯಿಯ ತಲೆ ಬಾಚಿ, ಗಂಡನ ಮೇಲೆ ಚಾಡಿ ಹೇಳಿ, ಹಿಂದಿನ ಮಂಚದಲ್ಲಿ ಕಣ್ತುಂಬ ನಿದ್ದೆ ಮಾಡಿ ಹೋಗುತ್ತಿದ್ದಳು.

ಹೀಗಿರುವಾಗ ಎದುರು ಗುಡ್ಡದ ಮೇಲೆ ಟವರ್ ಎದ್ದಿತು.

"ಇನ್ನು ನಿಮ್ಮ ಬಸ್ಸಿಗೆ ಜನ ಮುಗಿಬೀಳ್ತಾರೆ ನೋಡಿ" ಎಂದು ಟವರಿನವನು ಹಲ್ಲುಕಿರಿದ.

ಮರುದಿನ ಕಾಫಿ ಹೊತ್ತಿಗೆ ಚೀಲದೊಳಗೆ ಆರು ಫೋನುಗಳು ಒಟ್ಟಿಗೆ ಬಡಿದುಕೊಂಡವು. ಲೋಟ ಅಲ್ಲಲ್ಲೇ ಬಿಟ್ಟು, ಟಿಕೆಟ್ ಹಿಡಿದು ಎಲ್ಲರೂ ನುಗ್ಗಿದರು. ಜೀವಮಾನವೆಲ್ಲ ನೂಕುನುಗ್ಗಲು ನಿಭಾಯಿಸಿದವಳು ಅಂದು ಕೈಚೆಲ್ಲಿ, ಚೀಲವನ್ನೇ ಕೊಟ್ಟುಬಿಟ್ಟಳು. ಆಮೇಲೆ ಬಂದವರೆಲ್ಲ ಮಂಚಕ್ಕೊಬ್ಬರಂತೆ ತಲೆ ತಗ್ಗಿಸಿ ಕೂತರು.

ಅದಾದರೂ ಹೋಗಲಿ ಎನ್ನಬಹುದಿತ್ತು. ಮಗಳೂ ಬರುವುದು ಬಿಟ್ಟಳು. ಅಮ್ಮನಿಗೊಂದು ಫೋನು ಕೊಡಿಸಿ, ದಿನಾ ಸಂಜೆ ಒಗ್ಗರಣೆ ಹಾಕುತ್ತಲೇ ಮಾತಾಡುತ್ತಿದ್ದಳು.

"ಹೇಗಿದೀಯಮ್ಮ?"

"ಚೆನ್ನಾಗಿದೀನಿ. ಯಾವಾಗ ಬರ್ತೀಯೆ?"

"ದಿನಾ ಮಾತಾಡ್ತೀನಲ್ಲಮ್ಮ. ಸರಿ, ಇಡ್ಲಾ?"

ನಾಲ್ಕು ತಿಂಗಳು ಮಗಳ ಮುಖ ಕಾಣಲಿಲ್ಲ. ಒಂದು ದಿನ ಫೋನಿಟ್ಟ ಮೇಲೆ ಕಂಡಕ್ಟರಮ್ಮ ಬಿಕ್ಕಿಬಿಕ್ಕಿ ಅತ್ತಳು. ಅತ್ತು ಮುಗಿಸಿ, ಮುಖ ತೊಳೆದುಕೊಂಡು, ನೇರ ತಮ್ಮನ ಮನೆಗೆ ಹೋದಳು.

"ಟ್ರಾಕ್ಟರ್ ತೆಗಿ."

"ಎಲ್ಲಿಗಕ್ಕ?"

"ಸಿಗ್ನಲ್ ಸಾಯೋವರೆಗೆ."

"ನಿಂಗೆ ತಲೆ ಕೆಟ್ಟಿದೆ."

"ಕೆಟ್ಟಿರೋದು ನನ್ನ ತಲೆ ತಾನೆ? ನೀನು ಗಾಡಿ ತೆಗಿ."

ತಮ್ಮ ಬಸ್ಸನ್ನು ಮತ್ತೆ ಟ್ರಾಕ್ಟರಿಗೆ ಕಟ್ಟಿದ. ಅವನ ಹೆಂಡತಿ ಜೀವ ಕೈಯಲ್ಲಿ ಹಿಡಿದು ಬಸ್ಸಿನ ಸ್ಟಿಯರಿಂಗ್ ಹಿಡಿದಳು. ಕಂಡಕ್ಟರಮ್ಮ ಬಾಗಿಲ ಕಂಬಿಗೆ ಒಂದು ಕೈ ಕೊಟ್ಟು, ಇನ್ನೊಂದರಲ್ಲಿ ಫೋನು ಎತ್ತಿ ಹಿಡಿದಳು.

"ಮೂರು ಕಡ್ಡಿ ಇದೆ, ರೈಟ್."

ಗುಡ್ಡ ಇಳಿದು ಒಣಹಳ್ಳ ದಾಟಿದರು.

"ಇನ್ನೂ ಒಂದಿದೆ ಹಾಳಾದ್ದು. ರೈಟ್, ರೈಟ್."

ತಮ್ಮನ ಪಾಳುಬಿದ್ದ ಕಲ್ಲುಕ್ವಾರಿಯ ತಗ್ಗಿನಲ್ಲಿ ಕೊನೆಯ ಕಡ್ಡಿಯೂ ಮಾಯವಾಯಿತು. "ಹೋಲ್ಡಾನ್" ಎಂದಳು. ಬಸ್ಸು ಅಲ್ಲೇ ನಿಂತಿತು.

ಮೂರನೆಯ ದಿನ ಮಧ್ಯಾಹ್ನ ಮಗಳು ಕ್ವಾರಿಯ ದಾರಿಯಲ್ಲಿ ಏದುಸಿರು ಬಿಡುತ್ತ ಬಂದಳು. ಕಿತ್ತುಹೋದ ಚಪ್ಪಲಿ ಕೈಯಲ್ಲಿತ್ತು, ಮುಖ ಕೆಂಪಾಗಿತ್ತು.

"ಮೂರು ದಿನದಿಂದ ಫೋನ್ ಹೋಗ್ತಿಲ್ಲ. ಬಂದು ನೋಡಿದ್ರೆ ಗುಡ್ಡದ ಮೇಲೆ ಬಸ್ಸೇ ಇಲ್ಲ. ಮಾವ ದಾರಿ ಹೇಳೋವರೆಗೆ ನನ್ನ ಜೀವ ಬಾಯಿಗೆ ಬಂದಿತ್ತು ಗೊತ್ತಾ? ಇಲ್ಲಿ ನಿಂಗೇನಾದ್ರೂ ಆದ್ರೆ ನಂಗೆ ಹೇಗಮ್ಮ ಗೊತ್ತಾಗ್ಬೇಕು?"

"ಬಂದು ನೋಡ್ಕೊಂಡು ಹೋಗು" ಎಂದಳು ಕಂಡಕ್ಟರಮ್ಮ. "ಚೆನ್ನಾಗಿದೀನಿ ಅಂತ ನಾನು ನಾಲ್ಕು ತಿಂಗಳು ದಿನಾ ಫೋನಲ್ಲಿ ಸುಳ್ಳು ಹೇಳಿದೆ. ಆವಾಗ ನಿಂಗೆ ಗೊತ್ತಾಯ್ತಾ?"