ದಾಟಿಹೋದ ರೊಟ್ಟಿಯ ತಟ್ಟೆ

ನಮ್ಮ ಬ್ಯಾಪ್ಟಿಸ್ಟ್ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಎಲ್ಲರೂ ಒಂದೇ ತಟ್ಟೆಯ ರೊಟ್ಟಿ ಮುರಿದು ತಿನ್ನುವ ಆರಾಧನೆ. ರೊಟ್ಟಿಯ ತಟ್ಟೆ ಸಾಲುಗಳಿಗೆ ಬರುವ ಮುಂಚೆ ನಮ್ಮ ಪಾಸ್ಟರ್ ತಪ್ಪದೆ ಒಂದು ಮಾತು ಹೇಳುತ್ತಿದ್ದರು: ಯಾರ ಮೇಲಾದರೂ ಮುನಿಸಿದ್ದರೆ ಮೊದಲು ಅವರ ಹತ್ತಿರ ಹೋಗಿ ಮಾತಾಡಿ, ಆಮೇಲೆ ತಿನ್ನಿ. ಅದು ಬರೀ ಬಾಯಿಮಾತಲ್ಲ. ಒಮ್ಮೆ ನಲ್ಲಿಯ ಹತ್ತಿರ ಜಗಳವಾಡಿ ಬಂದಿದ್ದ ಇಬ್ಬರು ಹೆಂಗಸರನ್ನು ಆರಾಧನೆಯ ನಡುವೆಯೇ ಹೊರಗೆ ಕಳಿಸಿ, ಅವರು ರಾಜಿಯಾಗಿ ಬರುವವರೆಗೆ ಇಡೀ ಸಭೆಯನ್ನು ಕಾಯಿಸಿದ್ದರು. ಚಿನ್ನದ ಗಣಿಯ ಸೈರನ್ನಿಗೆ ಎದ್ದು, ಉಂಡು, ಮಲಗಿ ಬದುಕಿದ ನನಗೆ ಆ ಕಟ್ಟುನಿಟ್ಟು ಹಿಡಿಸಿತು. ಬೇತಮಂಗಲದ ಕೆರೆಯಲ್ಲಿ ದೀಕ್ಷಾಸ್ನಾನಕ್ಕೆ ನನ್ನನ್ನು ಮುಳುಗಿಸಿ ಎತ್ತಿದ ಕೈಗಳೂ ಅವರವೇ.

ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಚಾಂಪಿಯನ್ ರೀಫ್ಸ್‌ನ ನಮ್ಮ ಸಾಲುಮನೆಗಳಲ್ಲಿ ಇಂದಿಗೂ ಅವರದೇ ಮಾತು. ಭಾನುವಾರ ಹೆಂಡತಿಯನ್ನು ಒಲೆ ಮುಟ್ಟಲು ಬಿಡುತ್ತಿರಲಿಲ್ಲ. ಅಂಗಿಯ ತೋಳು ಮಡಚಿ ತಾವೇ ಸಾರು ಮಾಡುತ್ತಿದ್ದರು. ಉಪ್ಪು ಹೆಚ್ಚಾಗಿರುತ್ತಿತ್ತು, ಮಕ್ಕಳು ತುಟಿ ಪಿಟಕ್ಕೆನ್ನದೆ ಉಣ್ಣುತ್ತಿದ್ದರು. ಮಗಳಿಗೆ ಜಡೆ ಹಾಕುತ್ತಲೇ ಸಭೆಯಲ್ಲಿ ಹೇಳಬೇಕಾದ ಪ್ರಸಂಗ ಸಿದ್ಧಮಾಡಿಕೊಳ್ಳುತ್ತಿದ್ದರು.

ಶುಕ್ರವಾರ ಸಂಜೆ ಬಂಗಾರಪೇಟೆಯಲ್ಲಿ ಪ್ರಾರ್ಥನಾ ಕೂಟ. ನಾವಿಬ್ಬರೂ ರೈಲಿನಲ್ಲಿ ಹೋಗುತ್ತಿದ್ದೆವು. ಹಾಡಿನ ಪುಸ್ತಕಗಳ ಚೀಲ ನನ್ನ ಹೆಗಲಿಗೆ. ಕೂಟ ಮುಗಿದ ಮೇಲೆ ಪಾನಿಪೂರಿ. ಆ ಊರಿನ ಪಾನಿ ಕುಡಿಯುವ ನೀರಿನಷ್ಟು ತಿಳಿ, ಬಾಯಿಗೆ ಬಿದ್ದರೆ ಬೆಂಕಿ.

"ಇನ್ನೊಂದು ತಿನ್ನಣ್ಣ. ರೈಲು ನಿನ್ ವಾಚ್ ನೋಡ್ಕೊಂಡು ಬರಲ್ಲ" ಎಂದು ನನ್ನನ್ನು ಕೆಣಕುತ್ತಿದ್ದರು.

ಒಂದು ಶುಕ್ರವಾರ ಅವರು ತಟ್ಟೆ ತೆಗೆದುಕೊಳ್ಳಲಿಲ್ಲ.

"ಉಪವಾಸ ಇಟ್ಕೊಂಡಿದೀನಣ್ಣ, ಸಭೆಗೋಸ್ಕರ."

"ಹಂಗಾದ್ರೆ ನಾನೂ ಇಡ್ತೀನಿ ಪಾಸ್ಟ್ರೇ."

ಅವರ ಮುಖ ಸಣ್ಣದಾಯಿತು. "ಬ್ಯಾಡ ಬಿಡಣ್ಣ. ಈ ವಯಸ್ನಾಗೆ ನಿಂಗ್ಯಾಕೆ?"

"ನಿಮ್ಗೆ ಆಗೋದು ನಂಗಾಗಲ್ವಾ?"

ಅಂದಿನಿಂದ ಶುಕ್ರವಾರ ನಾನೂ ಏನೂ ಮುಟ್ಟಲಿಲ್ಲ. ರೈಲಿನಲ್ಲಿ ಇಬ್ಬರೂ ಬರಿಹೊಟ್ಟೆಯಲ್ಲಿ ಎದುರುಬದುರು ಕೂತು ಹೋಗಿಬರುತ್ತಿದ್ದೆವು. ಅವರ ಮೈ ಇಳಿದುಹೋಯಿತು. ಅದು ಉಪವಾಸದ ಫಲ ಎಂದುಕೊಂಡು ಸಭೆಯವರ ಮುಂದೆ ಕೊಂಡಾಡಿದೆ. ಅವರು ನೆಲ ನೋಡುತ್ತಿದ್ದರು. ಭಕ್ತಿಯಿಂದ ಎಂದುಕೊಂಡೆ.

ಅವರ ದೇಹವನ್ನು ಮನೆಗೆ ತಂದ ದಿನ ಅವರ ಹೆಂಡತಿ ಪಾಸ್ಟರಮ್ಮ ನನ್ನ ಕೈ ಹಿಡಿದುಕೊಂಡು ಅತ್ತರು. "ಹೊಟ್ಟೇಲಿ ಗಡ್ಡೆ ಆಗಿತ್ತಣ್ಣ. ಮಳೆಗಾಲದಿಂದ್ಲೇ ಗೊತ್ತಿತ್ತು."

"ಮತ್ತೆ ಆ ಉಪವಾಸ?"

"ತಿಂದಿದ್ದು ನಿಲ್ತಿರ್ಲಿಲ್ಲ. ನಿಮ್ಗೊಬ್ರಿಗೆ ಮಾತ್ರ ಹೇಳ್ಬ್ಯಾಡ ಅಂದ್ರು. ಗೊತ್ತಾದ್ರೆ ಗಂಜಿಗೊಂದು ಟೈಮು, ಮಾತ್ರೆಗೊಂದು ಟೈಮು ಅಂತ ಡ್ಯೂಟಿ ಹಾಕ್ಬಿಡ್ತಾನೆ, ಬಂಗಾರಪೇಟೆಗೆ ಹೋಗಕ್ಕೆ ಬಿಡಲ್ಲ ಅಂದ್ರು."

ಪಕ್ಕದಲ್ಲಿದ್ದ ನನ್ನ ಹೆಂಡತಿಯತ್ತ ತಿರುಗಿದೆ. ಅವಳೂ ನೆಲ ನೋಡುತ್ತಿದ್ದಳು.

"ನಿಂಗೂ ಗೊತ್ತಿತ್ತಾ?"

"ಪಾಸ್ಟ್ರು ಮಾತು ತಗೊಂಡಿದ್ರು ಕಣ್ರೀ."

ಗೊತ್ತಾಗಿದ್ದರೆ ನಾನು ಡ್ಯೂಟಿ ಹಾಕುತ್ತಿದ್ದುದು ನಿಜ. ಗಂಜಿಯನ್ನು ನಾನೇ ಹೊತ್ತುಕೊಂಡು ಹೋಗುತ್ತಿದ್ದೆ. ರೈಲಿನಲ್ಲಿ ಅವರನ್ನು ಮಲಗಿಸಿಕೊಂಡು ಹೋಗುತ್ತಿದ್ದೆ. ಅದಕ್ಕೆ ಅವಕಾಶ ಕೊಡದೆ, ಸುಳ್ಳು ಉಪವಾಸವೊಂದನ್ನು ಕೊಟ್ಟು ನನ್ನನ್ನು ಎದುರಿಗೆ ಕೂರಿಸಿಕೊಂಡರು. ನಾನು ಹಸಿದು ಪ್ರಾರ್ಥಿಸುತ್ತಿದ್ದುದನ್ನು ಕಣ್ಣಾರೆ ನೋಡಿಯೂ ಸುಮ್ಮನಿದ್ದರು. ಒಳ್ಳೆಯವರು ಮಾಡಿದ ಮೋಸವನ್ನು ಹೇಳಿಕೊಳ್ಳಲು ಜಾಗವಿಲ್ಲ. ಎಲ್ಲರೂ ಅವರ ಕಡೆಯೇ.

ಮುಂದಿನ ತಿಂಗಳ ಮೊದಲ ಭಾನುವಾರ ರೊಟ್ಟಿಯ ತಟ್ಟೆ ನನ್ನ ಕೈಗೆ ಬಂತು. ಮನಸ್ಸಿನಲ್ಲಿ ಮುನಿಸಿತ್ತು. ಹೋಗಿ ಮಾತಾಡಬೇಕಾದವರು ಮಣ್ಣಿನಡಿ. ತೆಗೆದುಕೊಳ್ಳದೆ ಪಕ್ಕಕ್ಕೆ ದಾಟಿಸಿದೆ. ಆಮೇಲಿನ ತಿಂಗಳುಗಳಲ್ಲೂ ಹಾಗೆಯೇ. ರೊಟ್ಟಿಯಿಲ್ಲದೆ ಸಭೆಯಿಂದ ಮನೆಗೆ ನಡೆಯುವುದು ನನಗೆ ಸುಲಭವಾಗಿರಲಿಲ್ಲ.

ಹೋದ ತಿಂಗಳು ಪಾಸ್ಟರಮ್ಮ ಬಂದು ನನ್ನ ಹೆಂಡತಿಯ ಪಕ್ಕ, ನಮ್ಮ ಬೆಂಚಿನಲ್ಲೇ ಕೂತರು. ನಾನು ತಟ್ಟೆ ದಾಟಿಸಿದ್ದನ್ನು ನೋಡಿ ಬಾಗಿ ಪಿಸುಗುಟ್ಟಿದರು: "ಇನ್ನೂನಾ ಅಣ್ಣ? ಅವ್ರು ಎದ್ದು ಬಂದು ಮಾತಾಡ್ತಾರಾ?"

"ರೂಲು ಅವರದೇ ಅಲ್ವಾ ಅಮ್ಮ."

"ನಂಗೂ ಗೊತ್ತಿತ್ತಲ್ಲ. ಇವ್ಳಿಗೂ ಗೊತ್ತಿತ್ತು. ನಾವು ಬದ್ಕೇ ಇದೀವಲ್ಲ, ನಮ್ ಹತ್ರ ಯಾಕ್ ಮಾತಾಡ್ಲಿಲ್ಲ ನೀವು?"

ತಟ್ಟೆ ನನ್ನ ಹೆಂಡತಿಯ ಕೈಯಿಂದ ಅವರ ಕೈಗೆ ಬಂತು. ಪಾಸ್ಟರಮ್ಮ ತಟ್ಟೆಯನ್ನು ಒಂದು ಗಳಿಗೆ ಹಿಡಿದುಕೊಂಡು ನನ್ನನ್ನೇ ನೋಡಿದರು. ಆಮೇಲೆ ತಾವೂ ರೊಟ್ಟಿ ಮುರಿಯದೆ ಅದನ್ನು ಹಿಂದಿನ ಸಾಲಿಗೆ ಕೊಟ್ಟುಬಿಟ್ಟರು.