ಎರಡೂ ಕಿವಿ ಮುಚ್ಚುವ ಹೆಡ್‌ಫೋನು

ಹೂಗ್ಯಂನಲ್ಲಿ ಮಲ್ಲಿಕಾರ್ಜುನಸ್ವಾಮಿ ಯಾರು ಎಂದು ಕೇಳಿದರೆ ಅರ್ಧ ಊರು ತಲೆ ಕೆರೆದುಕೊಳ್ಳುತ್ತದೆ. ಕಿರುಚಾಟದ ಮಲ್ಲು ಅನ್ನಿ, ಎಳೆಮಕ್ಕಳೂ ಮನೆ ತೋರಿಸುತ್ತವೆ. ಜಗಳಗಂಟ ಎಂದುಕೊಂಡೀರಿ, ಹಾಗಲ್ಲ. ಬಾಯಿಬಿಟ್ಟು ನಾಲ್ಕು ಮಾತಾಡುವ ಆಸಾಮಿಯೇ ಅಲ್ಲ ಅವನು. ಕಿರುಚಾಟವೆಲ್ಲ ಅವನ ಕಿವಿಯೊಳಗೆ.

ಊರಿನ ಬೇರೆಯವರ ಮೊಬೈಲಿನಲ್ಲಿ ಮಾದಪ್ಪನ ಪದವಿರುತ್ತದೆ, ಸಿನಿಮಾ ಹಾಡಿರುತ್ತದೆ, ಗಡಿಯಾಚೆ ನೆಂಟಸ್ತನ ಇಟ್ಟುಕೊಂಡವರಲ್ಲಿ ತಮಿಳು ಹಾಡಿರುತ್ತದೆ. ಮಲ್ಲುವಿನ ಮೊಬೈಲಿನ ತುಂಬ ಇರುವುದು ಹೆವಿ ಮೆಟಲ್. ಹೊಸೂರಿನ ಕಾರ್ಖಾನೆಯಲ್ಲಿ ಪ್ರೆಸ್ ಮಿಷನ್ ಮುಂದೆ ನಿಂತು ತಗಡು ಒತ್ತುತ್ತಿದ್ದ ಕಾಲದಲ್ಲಿ, ಜೊತೆಗಿದ್ದ ರಂಗಸ್ವಾಮಿ ಎಂಬುವನು ಹತ್ತಿಸಿದ ಚಟ ಅದು. ಮೊದಲ ಸಲ ಕೇಳಿದಾಗ ಮಲ್ಲುಗೆ ಹೆದರಿಕೆಯಾಗಿತ್ತು. ಯಾರೋ ಬಾವಿಯೊಳಗೆ ಬಿದ್ದು ಅರಚುತ್ತಿದ್ದಾರೆ, ಮೇಲೆ ನಿಂತವರು ಹಗ್ಗ ಬಿಡುವುದು ಬಿಟ್ಟು ಡ್ರಮ್ ಬಡಿಯುತ್ತಿದ್ದಾರೆ ಅನ್ನಿಸಿತ್ತು. ಆಮೇಲಾಮೇಲೆ ಆ ಡ್ರಮ್ಮಿನ ಏಟೂ ಪ್ರೆಸ್ಸಿನ ಏಟೂ ಒಂದಕ್ಕೊಂದು ಕೂಡಿಕೊಂಡವು. ದಿನವಿಡೀ ಸೂಪರ್‌ವೈಸರ್ ಕೈಲಿ ಬೈಸಿಕೊಂಡು ನುಂಗಿದ ಸಿಟ್ಟನ್ನು ಹಾಡಿನವನು ಇವನ ಪರವಾಗಿ ಹೊರಗೆ ಹಾಕುತ್ತಿದ್ದ. ಕಾರ್ಖಾನೆ ಬಿಟ್ಟು ಬಂದ, ಭವ್ಯಳನ್ನು ಮದುವೆಯಾದ, ಅಪ್ಪನ ಹೊಲಕ್ಕೆ ಇಳಿದ. ಹಾಡು ಮಾತ್ರ ಬಿಡಲಿಲ್ಲ.

ಹೊಲ ಇರುವುದೆಲ್ಲಿ? ಕಾಡಿಗೆ ಅಂಟಿಕೊಂಡು. ನಡುವೆ ಅರ್ಧ ಮುಚ್ಚಿಹೋದ ಆನೆ ಕಂದಕ, ಅದರಾಚೆ ಬೆಟ್ಟ. ಮುಸುಕಿನ ಜೋಳಕ್ಕೆ ಹಾಲು ತುಂಬಿತೆಂದರೆ ಸಾಕು, ಆ ವಾಸನೆ ಬೆಟ್ಟದ ಮೇಲಿರುವವಕ್ಕೆ ಹೇಗೋ ಗೊತ್ತಾಗಿಬಿಡುತ್ತದೆ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಅದಕ್ಕೇ ಆ ಸಾಲಿನ ಹೊಲದವರು ಹಿಂದಿನಿಂದ ಒಂದು ಕಟ್ಟಲೆ ಇಟ್ಟುಕೊಂಡು ಬಂದಿದ್ದಾರೆ. ಆನೆ ಇಳಿದದ್ದನ್ನು ಮೊದಲು ಕಂಡವನು ಪಕ್ಕದ ಹೊಲದವನ ಹೆಸರು ಹಿಡಿದು ಕೂಗಬೇಕು. ಕೇಳಿಸಿಕೊಂಡವನು ಓ ಅನ್ನಬೇಕು, ಅಂದು ಮುಂದಿನವನನ್ನು ಕೂಗಬೇಕು. ಯಾರಾದರೂ ಓ ಅನ್ನಲಿಲ್ಲವೋ, ಕೂಗಿದವನು ತನ್ನ ಕಾವಲಿನ ಅಟ್ಟಣೆಯಿಂದ ಇಳಿದು ಹೋಗಿ ನೋಡಲೇಬೇಕು. ಆನೆ ಇರಲಿ, ಅದರಪ್ಪ ಇರಲಿ, ಹೋಗಲೇಬೇಕು. ಬಿದ್ದಿದ್ದಾನೋ, ಮಲಗಿದ್ದಾನೋ, ಹಾವು ಕಚ್ಚಿದೆಯೋ, ಯಾರಿಗೆ ಗೊತ್ತು? ಇವತ್ತು ನಾನು ಹೋಗದಿದ್ದರೆ ನಾಳೆ ನನಗಾಗಿ ಯಾರು ಬಂದಾರು ಎಂಬ ಲೆಕ್ಕ. ಮಲ್ಲುವನ್ನು ಕೂಗಬೇಕಾದವನು ಪಕ್ಕದ ಹೊಲದ ಗುರುಸಿದ್ದಯ್ಯ. ಅರವತ್ತು ದಾಟಿದವನು, ಮಂಡಿ ನೋವಿನವನು, ವರಸೆಯಲ್ಲಿ ದೊಡ್ಡಪ್ಪ.

ಹೆಡ್‌ಫೋನು ಬರುವ ತನಕ ಮಲ್ಲುವಿನ ಹಾಡಿನಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಯಾಕೆಂದರೆ ಅವನ ಹಳೆಯ ಇಯರ್‌ಫೋನಿನಲ್ಲಿ ಒಂದು ಕಡೆಯದು ಸತ್ತುಹೋಗಿತ್ತು. ಬಲಗಿವಿ ಹಾಡಿಗೆ, ಎಡಗಿವಿ ಹೊಲಕ್ಕೆ. ದೇವರೇ ಹಂಚಿಕೊಟ್ಟ ಹಾಗಿತ್ತು. ಇವನಿಗೋ ಅದೇ ಕೊರಗು. ಒಂದು ಗಿಟಾರು ಬಲಗಡೆ, ಇನ್ನೊಂದು ಎಡಗಡೆ ಇರುವ ಹಾಡು. ಇಷ್ಟು ವರ್ಷವೂ ಅರ್ಧ ಹಾಡನ್ನೇ ಕೇಳುತ್ತಿದ್ದೇನಲ್ಲ ಎಂಬ ಸಂಕಟ. ಆ ವರ್ಷ ಅರಿಸಿನಕ್ಕೆ ಒಳ್ಳೆಯ ಬೆಲೆ ಸಿಕ್ಕಿತು. ಒಳ್ಳೆಯದೊಂದು ಹೆಡ್‌ಫೋನು ತರುತ್ತೇನೆ ಎಂದು ಹೊರಟ.

ಭವ್ಯ ಬಾಗಿಲಲ್ಲೇ ನಿಲ್ಲಿಸಿ ಹೇಳಿದಳು. “ತಕಬನ್ನಿ, ನಾನ್ ಬ್ಯಾಡ ಅನ್ನಕಿಲ್ಲ. ಆದ್ರ ಆಚೆ ಸದ್ದು ಕೇಳಂಥದ್ದು ತಕಬನ್ನಿ. ಅಟ್ಣೆ ಮ್ಯಾಲ್ ಕೂರೋರು ನೀವು, ಪ್ಯಾಟೆಲಿ ಕೂರೋರಲ್ಲ.”

“ಆಯ್ತು ಕಣಮ್ಮಿ,” ಎಂದ ಮಲ್ಲು.

ಕೊಳ್ಳೇಗಾಲಕ್ಕೆ ಜೊತೆಯಾಗಿ ಹೊರಟವನು ಗುರುಸಿದ್ದಯ್ಯ. ಅವನಿಗೆ ಮಂಡಿಗೆ ಔಷಧಿ ಬೇಕಾಗಿತ್ತು. ರಾಮಾಪುರ, ಹನೂರು ದಾಟುವ ತನಕ ಬಸ್ಸಿನಲ್ಲಿ ಗೊರಕೆ ಹೊಡೆದು, ಇಳಿದ ಮೇಲೆ ಔಷಧಿ ಅಂಗಡಿ ಮರೆತು ಮಲ್ಲುವಿನ ಹಿಂದೆಯೇ ಮೊಬೈಲ್ ಅಂಗಡಿಗೆ ಬಂದ. ಅಂಗಡಿಯ ಬಸವಕುಮಾರ್ ಗಾಜಿನ ಮೇಲೆ ಮೂರು ಹೆಡ್‌ಫೋನು ಇಟ್ಟ.

ಮಲ್ಲು ತನ್ನ ಮೊಬೈಲಿನಿಂದಲೇ ಒಂದು ಹಾಡು ಹಾಕಿಕೊಂಡ. ಅದರ ನಡುವೆ ಡ್ರಮ್ಮಿನವನು ಎರಡೂ ಕಾಲಿನಲ್ಲಿ ತುಳಿಯುತ್ತ ಓಡುವ ಒಂದು ಜಾಗವಿದೆ. ಹೆಡ್‌ಫೋನು ಒಳ್ಳೆಯದೋ ಕೆಟ್ಟದ್ದೋ ಎಂದು ಅಲ್ಲಿ ಗೊತ್ತಾಗುತ್ತದೆ. ಮೊದಲನೆಯದರಲ್ಲಿ ಬರೀ ಗುಂಯ್‌ಗುಡುವ ಬಾಸು. ತುಳಿತವೆಲ್ಲ ಕಲಸಿಕೊಂಡು ಒಂದೇ ಮುದ್ದೆಯಾಯಿತು. ತೆಗೆದಿಟ್ಟ. ಎರಡನೆಯದಕ್ಕೆ ಹಿಂಬದಿಯಲ್ಲಿ ಜಾಲರಿ. ಆಹಾ, ಗಿಟಾರು ಎಷ್ಟು ಬಿಡಿಬಿಡಿಯಾಗಿ ಕೇಳಿತು! ಆದರೆ ಅದರ ಜೊತೆಗೇ ಬಸ್ಸಿನ ಹಾರನ್ನೂ ಕೇಳಿತು, ಹಣ್ಣಿನ ಗಾಡಿಯವನು ಕೂಗುವುದೂ ಕೇಳಿತು.

“ಜಾಲ್ರಿ ಇರದ್ರಿಂದ ಆಚೆ ಸದ್ದು ಬತ್ತದೆ ಸಾ,” ಎಂದ ಬಸವಕುಮಾರ್. “ಇದಾಕಿದ್ರೆ ನಿಮ್ಮುನ್ನ ಯಾರಾದ್ರೂ ಕರುದ್ರೂ ಕೇಳ್ತದೆ. ಅದ್ ಬ್ಯಾಡ ಅಂದ್ರೆ ಮೂರ್ನೇದ್ ನೋಡಿ.”

ಭವ್ಯ ಹೇಳಿದ್ದು ಅದನ್ನೇ ತಾನೆ? ಅಲ್ಲಿಗೆ ಎದ್ದು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹಾಳು ಕುತೂಹಲ, ಮೂರನೆಯದನ್ನೂ ಹಾಕಿಕೊಂಡ. ದಪ್ಪ ಮೆತ್ತೆ ಕಿವಿಯನ್ನು ಪೂರ್ತಿ ನುಂಗಿತು. ಬಸವಕುಮಾರ್ ಪಕ್ಕದ ಗುಂಡಿ ಒತ್ತಿದ. ಕೊಳ್ಳೇಗಾಲ ಬಸ್‌ಸ್ಟ್ಯಾಂಡ್ ಅಳಿಸಿಹೋಯಿತು. ಬಸ್ಸು ಕಾಣುತ್ತಿತ್ತು, ಸದ್ದಿಲ್ಲ. ಜನ ಬಾಯಿ ಆಡಿಸುತ್ತಿದ್ದರು, ಮಾತಿಲ್ಲ. ಆ ಖಾಲಿಯೊಳಗೆ ಡ್ರಮ್ಮಿನವನ ಎರಡು ಕಾಲು ಒಂದೊಂದು ಏಟನ್ನೂ ಬೇರೆ ಬೇರೆಯಾಗಿ ತುಳಿಯಿತು. ಮಲ್ಲುವಿನ ಕಣ್ಣಲ್ಲಿ ನೀರು ಬಂತು. ನಿಜವಾಗಿ ಬಂತು.

ಗುರುಸಿದ್ದಯ್ಯ ತಾನೂ ಒಂದು ಸಲ ತಲೆಗೇರಿಸಿಕೊಂಡು, ಬೆಚ್ಚಿಬಿದ್ದು ಕಿತ್ತ. “ಅಯ್ಯಯ್ಯಪ್ಪಾ! ಏನ್ಲಾ ಇದು, ದೆವ್ವ ಬುಡ್ಸೋರ ಮನೆ ಒಳಕ್ ಓದಂಗಾಯ್ತು!” ಎಂದು ನಕ್ಕ. ಆಮೇಲೆ ಮಲ್ಲುವಿನ ಮುಖ ನೋಡಿ, “ಇದ್ನೇ ತಕಳ್ಲಾ. ಆಸೆ ಪಟ್ಟಿದ್ದೀಯ,” ಎಂದ.

“ಕೂಗುದ್ರೆ ಕೇಳಕಿಲ್ಲ ದೊಡ್ಡಪ್ಪ.”

“ಕೇಳ್ದೇ ಓದ್ರೆ ನಾನಿಲ್ವಾ? ಬಂದು ದೊಣ್ಣೆಲಿ ತಿವುದು ಎಬ್ಬುಸ್ತೀನಿ, ಸುಮ್ನಿರು.”

ಹೀಗೆ ತಮಾಷೆಗೆ ಆಡಿದ ಮಾತಿನ ಮೇಲೆ ಮೂರನೆಯದು ಹೂಗ್ಯಂಗೆ ಬಂತು. ಭವ್ಯ ಅದನ್ನು ಹಾಕಿಕೊಂಡು ನೋಡಿದಳು, ತೆಗೆದಳು, ಎರಡು ದಿನ ಗಂಡನ ಹತ್ತಿರ ಮಾತು ಬಿಟ್ಟಳು.

ಮೊದಲ ವಾರದಲ್ಲೇ ಒಂದು ಕೂಗು ತಪ್ಪಿತು. ಮೇಲಿನ ಹೊಲದವರು ಆನೆ ಎಂದು ಕೂಗು ಹಾಕಿದ್ದರು; ನೋಡಿದರೆ ಕಾಡೆಮ್ಮೆ. ಮಲ್ಲು ಅಟ್ಟಣೆಯ ಮೇಲೆ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ. ಪಾದಕ್ಕೆ ಏನೋ ತಿವಿಯಿತು. ಕೆಳಗೆ ಗುರುಸಿದ್ದಯ್ಯ, ಏದುಸಿರು ಬಿಡುತ್ತ, ಕೈಯಲ್ಲಿ ದೊಣ್ಣೆ, ಪಕ್ಕದಲ್ಲಿ ಅವನ ನಾಯಿ ಕರಿಯ.

“ಯೋಳಿದ್ನಲ್ಲ, ಬತ್ತೀನಿ ಅಂತ,” ಎಂದು ನಗುತ್ತಿದ್ದ. ನಗುತ್ತಲೇ ಮಂಡಿ ಒತ್ತಿಕೊಂಡ. ಮಲ್ಲುಗೆ ನಾಚಿಕೆಯಾಯಿತು. ಇನ್ನು ಒಂದು ಕಿವಿಯದನ್ನು ಸರಿಸಿ ಇಟ್ಟುಕೊಳ್ಳುತ್ತೇನೆ ಎಂದ. ಮೂರು ದಿನ ಇಟ್ಟುಕೊಂಡ. ಆದರೆ ಒಮ್ಮೆ ಪೂರ್ತಿ ಹಾಡು ಕೇಳಿದವನಿಗೆ ಅರ್ಧ ಹಾಡು ಹಳಸಲು. ಮೆತ್ತೆ ತಾನಾಗಿಯೇ ಜಾರಿ ಕಿವಿಯ ಮೇಲೆ ಕೂತಿತು ಅನ್ನಬೇಕು, ಹಾಗೆ.

ಆವತ್ತು ಹೊತ್ತು ಇನ್ನೂ ಮುಳುಗಿರಲಿಲ್ಲ. ಬೆಟ್ಟದ ನೆರಳು ಕಂದಕ ದಾಟಿ ಜೋಳದ ಮೇಲೆ ಅರ್ಧ ಬಂದಿತ್ತು. ಮಲ್ಲು ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದ. ಗುರುಸಿದ್ದಯ್ಯನ ಹೊಲದಾಚೆಯ ಹಳ್ಳದ ಕಡೆಯಿಂದ ನವಿಲುಗಳು ಒಟ್ಟಿಗೇ ಎದ್ದು ಹಾರಿದವು. ನೋಡಿದ. ಎದೆಯೊಳಗೆ ಏನೋ ಗುಡುಗಿದ ಹಾಗಾಯಿತು. ಈ ಹಾಡಿನಲ್ಲಿ ಇಂಥ ಬಾಸು ಇತ್ತೇ, ಇಷ್ಟು ದಿನ ಕೇಳಿಸಿರಲಿಲ್ಲವಲ್ಲ, ಎಂಥ ಹೆಡ್‌ಫೋನಪ್ಪಾ ಎಂದು ಹಿಗ್ಗಿದ. ಹಿಗ್ಗಿದ, ನೋಡಿ!

ಅಷ್ಟರಲ್ಲಿ ಅಟ್ಟಣೆಯ ಬುಡಕ್ಕೆ ಕರಿಯ ಓಡಿಬಂತು. ಮೇಲೆ ನೋಡಿ ಬೊಗಳಿತು. ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಸದ್ದೇ ಇಲ್ಲ. ಮಲ್ಲು ಅದನ್ನು ಕಂಡ. ಹೆಡ್‌ಫೋನಿಗೆ ಕೈ ಹಾಕಿದ. ಆದರೆ ಹಾಡು ಆ ಜಾಗಕ್ಕೆ ಬಂದಿತ್ತು, ಡ್ರಮ್ಮಿನವನು ಎರಡೂ ಕಾಲಲ್ಲಿ ಓಡುವ ಜಾಗಕ್ಕೆ. ಇದೊಂದು ಮುಗಿಯಲಿ, ತೆಗೆಯುತ್ತೇನೆ ಎಂದುಕೊಂಡ. ಕೈ ಅಲ್ಲೇ ನಿಂತಿತು.

ಮುಗಿಯಿತು. ತೆಗೆದ. ಇಡೀ ಊರಿನ ಸದ್ದು ಒಮ್ಮೆಲೇ ಕಿವಿಗೆ ನುಗ್ಗಿತು. ತಟ್ಟೆ ಬಡಿಯುವುದು, ಪಟಾಕಿ, ಹೆಂಗಸರ ಕಿರುಚಾಟ. ಜೋಳದ ನಡುವಿನಿಂದ, ತೀರಾ ಹತ್ತಿರದಿಂದ, “ಮಲ್ಲೂ... ಓ ಅನ್ಲಾ ಮಲ್ಲೂ...” ಎಂಬ ಗುರುಸಿದ್ದಯ್ಯನ ಕೂಗು. ಅವನ ತಲೆಯ ಟವೆಲು ಜೋಳದ ತೆನೆಗಳ ಮೇಲೆ ಕಂಡಿತು. ಅದರ ಹಿಂದೆ ಜೋಳ ಎರಡಾಗಿ ಸೀಳಿಕೊಳ್ಳುತ್ತಿತ್ತು, ನಡುವೆ ಆನೆಯ ಬೆನ್ನು.

“ಓ!” ಎಂದ ಮಲ್ಲು. ಗಂಟಲು ಹರಿಯುವ ಹಾಗೆ ಅಂದ. ಟವೆಲು ಇವನ ಕಡೆಗೆ ತಿರುಗಿತು. ಆಮೇಲೆ ಅದು ಕಾಣಲಿಲ್ಲ.

ಗುರುಸಿದ್ದಯ್ಯನನ್ನು ಅವನ ಹೊಲದಲ್ಲೇ ಸಮಾಧಿ ಮಾಡಿದರು. ಅರಣ್ಯ ಇಲಾಖೆಯವರು ಬಂದು ಹೋದರು. ಅವರು ಹೋದ ಮೇಲೆ ಊರು ಬಾಯಿ ಬಿಟ್ಟಿತು. ಯಾಕೆ ಓ ಅನ್ನಲಿಲ್ಲ ಅವನು? ಹಾಡು ಕೇಳುತ್ತಿದ್ದೆ, ಕೂಗು ಕೇಳಿಸಲಿಲ್ಲ ಎಂದು ಮಲ್ಲು ಹೇಳಿದರೆ ಯಾರು ನಂಬುತ್ತಾರೆ? ಕಿವಿಗೆ ಎರಡು ಮೆತ್ತೆ ಇಟ್ಟರೆ ಊರೇ ಅರಚಿದ್ದು ಕೇಳುವುದಿಲ್ಲವಂತೆ! ಕೂಗು ಕೇಳಿಸಿದೆ, ಆನೆ ಕಂಡು ಹೆದರಿ ಉಸಿರು ಹಿಡಿದು ಕೂತಿದ್ದಾನೆ, ಮುದುಕನನ್ನು ಬಲಿ ಕೊಟ್ಟಿದ್ದಾನೆ ಎಂದರು. ಆ ಸಾಲಿನ ಹೊಲದವರು ಮಲ್ಲುವನ್ನು ಕೂಗಿನಿಂದ ಬಿಟ್ಟರು. ಅವನ ಹೊಲ ಹಾರಿಸಿ ಅದರಾಚೆಯವನನ್ನು ಕೂಗತೊಡಗಿದರು. ಕಾಡಂಚಿನಲ್ಲಿ ಇದಕ್ಕಿಂತ ದೊಡ್ಡ ಬಹಿಷ್ಕಾರವಿಲ್ಲ. ಇನ್ನು ಅವನು ಅಟ್ಟಣೆಯಿಂದ ಬಿದ್ದರೂ ಬಂದು ನೋಡುವವರಿಲ್ಲ.

“ನಿಮ್ಗೆ ನಿಜ್ವಾಗ್ಲೂ ಕೇಳ್ನಿಲ್ವಾ?” ಎಂದು ಭವ್ಯಳೂ ಒಂದು ದಿನ ಕೇಳಿದಳು. ಆ ಹೆಡ್‌ಫೋನು ಹಾಕಿ ನೋಡಿದ್ದವಳೇ ಕೇಳಿದಳು.

“ನಿನ್ನಾಣೆ ಕೇಳ್ನಿಲ್ಲ,” ಎಂದ ಮಲ್ಲು. ಅದು ಸುಳ್ಳಲ್ಲ. ಅಷ್ಟನ್ನು ಊರು ನಂಬಿದರೆ ಸಾಕಾಗಿತ್ತು ಅವನಿಗೆ. ಅಷ್ಟಾದರೆ ತಲೆ ಎತ್ತಿ ಓಡಾಡಬಹುದು, ಮತ್ತೆ ಕೂಗಿನೊಳಗೆ ಸೇರಬಹುದು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಗುರುಸಿದ್ದಯ್ಯನ ಹೆಂಡತಿ ಚನ್ನಾಜಮ್ಮ ಹೇಳಿಕಳಿಸಿದಳು. ಆ ಕಿವಿ ಮಿಷನ್ನೂ ತರಬೇಕಂತೆ. ಮಲ್ಲು ಹೋದ. ಚನ್ನಾಜಮ್ಮ ಜಗುಲಿಯ ಮೇಲೆ ಕೂತಿದ್ದಳು. ಕೆಳಗೆ ಅಂಗಳದಲ್ಲಿ ಕರಿಯ ಮಲಗಿತ್ತು. ಬೀದಿಯವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು.

“ಆಕ್ಲಾ ನಂಗೆ,” ಎಂದಳು ಚನ್ನಾಜಮ್ಮ.

“ದೊಡ್ಡವ್ವಾ...”

“ಆಕು. ಆವತ್ತೇನ್ ಕೇಳ್ತಿದ್ಯೋ ಅದ್ನೇ ಆಕು. ಆಕ್ಬುಟ್ಟು ಆಚೆ ನಿಂತ್ಕಂಡು, ಅವ್ರು ಕೂಗ್ದಂಗೆ ಕೂಗು.”

ಮಲ್ಲು ಅವಳ ನೆರೆತ ತಲೆಯ ಮೇಲೆ ಹೆಡ್‌ಫೋನು ಇಟ್ಟ, ಗುಂಡಿ ಒತ್ತಿದ, ಹಾಡು ಹಾಕಿದ. ಚನ್ನಾಜಮ್ಮ ಒಮ್ಮೆ ಬೆಚ್ಚಿದಳು, ಅಷ್ಟೆ. ಅವನು ಅವಳ ಬೆನ್ನ ಹಿಂದೆ ಹೋಗಿ ನಿಂತು, “ದೊಡ್ಡವ್ವಾ... ಓ ಅನ್ನು ದೊಡ್ಡವ್ವಾ...” ಎಂದು ಕೂಗಿದ. ಎರಡು ಸಲ, ಮೂರು ಸಲ, ದನಿ ಒಡೆಯುವ ಹಾಗೆ ಕೂಗಿದ. ಬೀದಿಯ ತುದಿಯವರೂ ಹೊರಗೆ ಬಂದರು. ಚನ್ನಾಜಮ್ಮ ಕೈ ಮಡಿಲಲ್ಲಿಟ್ಟು ಕೂತೇ ಇದ್ದಳು. ಅವಳಿಗೆ ಕೇಳಿರಲಿಲ್ಲ, ಒಂದು ಚೂರೂ ಕೇಳಿರಲಿಲ್ಲ. ಬಾಗಿಲಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬ, “ಹುಡ್ಗ ಯೋಳಿದ್ದು ದಿಟ ಕಣ್ರಪ್ಪಾ,” ಎಂದ. ಮಲ್ಲುಗೆ ಹನ್ನೊಂದು ದಿನದ ಮೇಲೆ ಸರಾಗವಾಗಿ ಉಸಿರಾಡಿದ ಹಾಗಾಯಿತು.

ಈ ಗಲಾಟೆಗೆ ಅಂಗಳದಲ್ಲಿ ಕರಿಯ ಎದ್ದು ನಿಂತಿತ್ತು. ಜಗುಲಿಯ ಕಡೆ ಮುಖವೆತ್ತಿ ಬೊಗಳುತ್ತಿತ್ತು. ಚನ್ನಾಜಮ್ಮ ಅದನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ನಿಧಾನವಾಗಿ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು ಮಲ್ಲುವಿನ ಕಡೆ ತಿರುಗಿದಳು.

“ನೀನ್ ಕೂಗಿದ್ದು ಕೇಳ್ನಿಲ್ಲ ಕಣಪ್ಪಾ. ಅದು ದಿಟ,” ಎಂದಳು. “ಆದ್ರ ನಾಯಿ ಬೊಗುಳ್ತಿದ್ದುದ್ದು ಕಾಣ್ತಿತ್ತು. ಆವತ್ತು ಇದು ಅವ್ರಿಗಿಂತ ಮುಂದೆ ನಿನ್ತಾವ್ಕೇ ಓಡೋಯ್ತು, ಒಲ್ದಲ್ಲೇ ಇದ್ದೆ, ನಾನೇ ನೋಡ್ದೆ. ಬಂದಿರ್ನಿಲ್ವೇನ್ಲಾ?”

ಬಾಗಿಲಲ್ಲಿದ್ದವರೆಲ್ಲ ಮಲ್ಲುವನ್ನು ನೋಡಿದರು. ಅವನು ಓ ಅನ್ನಲಿಲ್ಲ.