ಮೂರು ಹುಳದ ಗೂಡು

ರಾಮನಗರದಲ್ಲಿ ಹನುಮಂತಮ್ಮನನ್ನು ಏಮಾರಿಸಲು ಹೋದವರು ಇಬ್ಬರೇ. ಒಬ್ಬ, ಅವಳನ್ನು ಕಟ್ಟಿಕೊಂಡ ಪುಣ್ಯಾತ್ಮ, ಈಗಿಲ್ಲ. ಇನ್ನೊಬ್ಬ, ಟೆಲಿಫೋನ್ ಕಂಪನಿಯ ಮಹೇಂದ್ರ. ಅವನಿನ್ನೂ ಇದ್ದಾನೆ, ಆದರೆ ಮೊದಲಿನಂತಿಲ್ಲ.

ಮುಜಾಮಿಲ್ ಸಾಹೇಬರ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಗೂಡು ಆರಿಸುವುದು ಹನುಮಂತಮ್ಮನ ಕೆಲಸ. ರಾಶಿಯ ಮೇಲಿನ ಗೂಡನ್ನು ಅವಳು ತಿರುಗಿಯೂ ನೋಡುವುದಿಲ್ಲ. ಮೇಲೆ ಯಾವಾಗಲೂ ಒಳ್ಳೆಯದನ್ನೇ ಇಟ್ಟಿರುತ್ತಾರೆ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ಎತ್ತಿದಳೆಂದರೆ ಮಾರಿದವನ ಜಾತಕವೇ ಮೇಲೆ ಬಂದಂತೆ.

ಮನೆಯಲ್ಲಿ ಒಂದು ಹಳೆಯ ಲ್ಯಾಂಡ್‌ಲೈನ್ ಫೋನು. ಬೆಳಿಗ್ಗೆ ಐದೂವರೆಗೆ ಅದು ಬಡಿದುಕೊಳ್ಳಲು ಶುರು. ಕೂಟಗಲ್ ಕಡೆಯ ಹುಳ ಸಾಕುವ ಹೆಂಗಸರು ಗೂಡನ್ನು ಮಾರ್ಕೆಟ್ಟಿಗೆ ಸಾಗಿಸುವ ಮುಂಚೆ ಅವಳನ್ನೊಂದು ಮಾತು ಕೇಳುತ್ತಾರೆ. ಆ ನಂಬರನ್ನು ಹುಳದ ಮನೆಗಳ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದುಕೊಂಡಿದ್ದಾರೆ. ದರವೇನೋ ಮೊಬೈಲಿಗೂ ಬರುತ್ತದೆ. ಆದರೆ “ಹಸಿ ಗೂಡ ಯಾಕೆ ಬಿಡಿಸ್ತೀಯ ಮೂದೇವಿ, ಇನ್ನೊಂದಿನ ತಡಿ” ಎಂದು ಮೊಬೈಲು ಬೈಯುವುದಿಲ್ಲವಲ್ಲ. ಕೂಲಿಗೆಂದು ಊರಿಗೆ ಬಂದ ಹೆಂಗಸು ಆ ಒಂದು ನಂಬರಿನಿಂದ ನಲವತ್ತು ಮನೆಗಳಿಗೆ ಬೇಕಾದವಳಾಗಿದ್ದಳು.

ಆ ನಂಬರಿಗೇ ಕುತ್ತು ಬಂತು. ಹಳೆಯ ತಂತಿ ಕಿತ್ತು ಹೊಸ ಕೇಬಲ್ ಎಳೆಯುತ್ತೇವೆ, ಶನಿವಾರದೊಳಗೆ ‘ಟ್ರಿಪಲ್ ಧಮಾಕಾ’ ಪ್ಲಾನಿಗೆ ಸೇರದಿದ್ದರೆ ನಿಮ್ಮ ನಂಬರು ರದ್ದು ಎಂದು ಕಂಪನಿಯಿಂದ ಕಾಗದ.

“ಸೈನ್ ಹಾಕ್ಬುಡಮ್ಮ,” ಎಂದರು ಮುಜಾಮಿಲ್ ಸಾಹೇಬರು. “ನಾನೂ ಹಾಕಿವ್ನಿ. ನಾನ್ನೂರು ಚಾನಲ್ ಬತ್ತವೆ.”

“ನೋಡಾದು ಎಷ್ಟು?”

“ಎರಡು,” ಎಂದು ಸಾಹೇಬರು ಪ್ರಾಮಾಣಿಕವಾಗಿ ಒಪ್ಪಿಕೊಂಡು ಅರ್ಧ ದಿನ ರಜೆ ಕೊಟ್ಟರು.

ಶನಿವಾರ ಹನುಮಂತಮ್ಮ ಕಂಪನಿಯ ಆಫೀಸಿಗೆ ಹೋದಾಗ ಏಳೆಂಟು ಜನ ಕಾದು ಕೂತಿದ್ದರು. ಅವಳ ಸರದಿ ಬಂದಾಗ ಮಹೇಂದ್ರ ಟೈ ಸರಿಮಾಡಿಕೊಂಡು ಬಣ್ಣದ ಕಾಗದ ಬಿಡಿಸಿದ.

“ನೋಡಮ್ಮ, ಇಂಟರ್ನೆಟ್ಟು, ಟೀವಿ, ಫೋನು, ಮೂರೂ ಒಂದರಲ್ಲೇ. ಇಂಟರ್ನೆಟ್ಟು ಅನ್‌ಲಿಮಿಟೆಡ್ಡು.”

“ಅಂಗಂದ್ರೆ?”

“ಮಿತಿನೇ ಇಲ್ಲ ಅಂತ.”

“ಪಕ್ದಾಗೆ ಒಂದು ಚುಕ್ಕೆ ಐತಲ್ಲ, ಅದೇನು?”

ನಮ್ಮಂಥ ಓದಿದವರು ಆ ಚುಕ್ಕೆಯನ್ನು ನೊಣ ಕೂತ ಗುರುತೆಂದುಕೊಂಡು ಸಹಿ ಹಾಕಿ ಬಂದಿರುತ್ತೇವೆ. ಮಹೇಂದ್ರನೂ ಅದನ್ನು ಈಗಷ್ಟೇ ಕಂಡವನಂತೆ ಬಗ್ಗಿ ನೋಡಿದ. “ಅದಾ... ಮಿತಿ ದಾಟಿದ್ರೆ ಸ್ಪೀಡು ಒಸಿ ಕಮ್ಮಿಯಾಯ್ತದೆ.”

“ಇಲ್ದೇ ಇರೋ ಮಿತಿನ ಎಂಗಪ್ಪ ದಾಟಾದು?”

ಕಾದು ಕೂತವರಲ್ಲಿ ಯಾರೋ ಕಿಸಕ್ಕೆಂದರು. ಮಹೇಂದ್ರ ಗಡಿಬಿಡಿಯಲ್ಲಿ ಬ್ರಹ್ಮಾಸ್ತ್ರ ತೆಗೆದ. “ಅದೆಲ್ಲ ಬುಡಮ್ಮ. ನಿಂಗೆ ಬೇಕಾಗಿರೋ ಫೋನು ಪೂರ್ತಿ ಫ್ರೀ!”

“ಫ್ರೀನಾ? ಅಂಗಾದ್ರೆ ಅದೊಂದ್ನೇ ಕೊಡು, ತಗಂಡೋಯ್ತೀನಿ.”

“ಅದೊಂದ್ನೇ ಕೊಡಕಾಗಲ್ಲಮ್ಮ. ಅದು ಬಂಡಲ್ಲು.”

ಹನುಮಂತಮ್ಮ ಕುರ್ಚಿ ಎಳೆದು ಕೂತಳು. “ಬಂಡಲ್ನ ನಾನೂ ಕಂಡಿವ್ನಿ ಕಣಪ್ಪ. ಒಂದೊಂದ್ಸಲ ಎರಡು ಹುಳ ಸೇರ್ಕಂಡು ಒಂದೇ ಗೂಡು ಕಟ್ತವೆ. ನೋಡಕ್ಕೆ ದಪ್ಪಗೆ, ಅಂದ್ವಾಗಿರ್ತದೆ. ನೂಲು ಬಿಚ್ಚಕ್ಕೆ ಕುಂತ್ರೆ ಎರಡೂ ಎಳೆ ಸಿಕ್ಕಾಕ್ಕಂಡು ಒಂದೂ ನೆಟ್ಟಗೆ ಬರಾಕಿಲ್ಲ. ಅಂತವ್ನ ದಿನಾ ಬುಟ್ಟಿಗಟ್ಲೆ ಆರಿಸಿ ಆಚೆಗಾಕ್ತೀನಿ. ನಿಂದು ಮೂರು ಹುಳದ್ದು.”

“ಬೇರೆ ಪ್ಲಾನೇ ಇಲ್ಲಮ್ಮ!”

“ಆ ಕಂಪ್ಯೂಟರ್ ತಿರುಗ್ಸು ಈ ಕಡೀಕೆ.”

ಅವಳು ತಾನಾಗಿಯೇ ತಿರುಗಿಸಿಯಾಳೆಂಬ ಭಯಕ್ಕೆ ಅವನೇ ತಿರುಗಿಸಿದ. ಮೇಲೆ ಧಮಾಕಾ, ಅದರ ಕೆಳಗೆ ಸೂಪರ್ ಧಮಾಕಾ, ಆಮೇಲೆ ಫ್ಯಾಮಿಲಿ ಮಹಾ ಧಮಾಕಾ. ಆಫೀಸಿನಲ್ಲಿ ಇನ್ನೂ ಬೆಂಕಿ ಬಿದ್ದಿಲ್ಲವೆಂಬುದೇ ಆಶ್ಚರ್ಯ.

“ಕೆಳಕ್ಕೋಗು.”

“ಕೆಳಗೇನೂ ಇರಲ್ಲಮ್ಮ.”

“ಗೂಡು ಮಾರೋರೂ ಅಂಗೇ ಅಂತಾರೆ. ಹೋಗು, ಇನ್ನೂ ಕೆಳಕ್ಕೆ. ತಳ ಮುಟ್ಟು.”

ಕಾದು ಕೂತವರೆಲ್ಲ ಎದ್ದು ಅವಳ ಬೆನ್ನ ಹಿಂದೆ ನಿಂತಿದ್ದರು. ಪಟ್ಟಿಯ ತಳದಲ್ಲಿ, ಬಣ್ಣವಿಲ್ಲದ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು.

“ಓದು.”

“ಬೇಸಿಕ್... ಫೋನ್ ಮಾತ್ರ,” ಎಂದು ಮಹೇಂದ್ರ ಗಂಟಲೊಳಗೇ ಓದಿದ. “ಇದ್ನ ನಾವು ಸೇಲ್ ಮಾಡಲ್ಲಮ್ಮ.”

“ನೀನು ಮಾಡಬ್ಯಾಡ. ನಾನು ತಗತೀನಿ. ನಂಬರು ಅದೇ ಇರ್ಬೇಕು.”

“ಇದಕ್ಕೆ ಆನ್‌ಲೈನ್ ಇಲ್ಲ. ತಿಂಗ್ಳು ತಿಂಗ್ಳೂ ನೀನೇ ಇಲ್ಲಿಗೆ ಬಂದು ಕಟ್ಬೇಕು, ನೋಡು!”

“ಬತ್ತೀನಿ. ಕುರ್ಚಿ ಚೆನ್ನಾಗೈತೆ.”

ಬೆನ್ನ ಹಿಂದಿನಿಂದ ಒಬ್ಬ ಮುದುಕ, “ನಂಗೂ ಆ ತಳದ್ದೇ ಬರ್ಕೊಳಪ್ಪ,” ಎಂದ. ಅವಳು ಸಹಿ ಹಾಕಿ, ಬಣ್ಣದ ಕಾಗದವನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದಳು.

ಸೋಮವಾರ ಹೊಸ ತಂತಿ ಬಂತು. ಮಂಗಳವಾರ ಬೆಳಿಗ್ಗೆ ಐದೂವರೆಗೆ ಹನುಮಂತಮ್ಮ ಫೋನಿನ ಪಕ್ಕ ಕೂತಿದ್ದಳು. ಗೋಡೆಗಳ ಮೇಲಿನ ನಂಬರು ಇನ್ನೂ ತನ್ನದೇ ಹೌದೋ ಅಲ್ಲವೋ ಎಂಬ ಅಳುಕು, ಯಾರಿಗೂ ಹೇಳದಿದ್ದರೂ, ಇದ್ದೇ ಇತ್ತು. ಫೋನು ಬಡಿದುಕೊಂಡಿತು. ಎತ್ತಿದಳು.

ಕೂಟಗಲ್ಲಿನ ಶಿವಲಿಂಗಮ್ಮ. “ಅಕ್ಕಯ್ಯೋ, ಇವತ್ತು ಗೂಡ ಮಾರ್ಕೆಟ್ಗೆ ಸಾಗ್ಸವಾ?”

“ಮೇಲಿಂದ್ ನೋಡಿ ಕೇಳಬ್ಯಾಡ,” ಎಂದಳು ಹನುಮಂತಮ್ಮ. “ತಳಕ್ಕೆ ಕೈ ಹಾಕಿ ನೋಡ್ಬುಟ್ಟು ಬಾ. ಲೈನಲ್ಲೇ ಇರ್ತೀನಿ.”